ಸೂಟ್‌ಕೇಸಿನ ಮೂಲೆಯ ಮಾತ್ರೆಗಳು

(ಸಂಘದ ಸಂಸ್ಥಾಪನಾ ದಿನಾಚರಣೆಯ ಅಂಗವಾಗಿ ನಡೆದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಗೋಷ್ಠಿಯಲ್ಲಿ 'ಮಹಿಳೆ ಮತ್ತು ಆರೋಗ್ಯ' ಎಂಬ ವಿಷಯವಾಗಿ ಇಪ್ಪತ್ತು ನಿಮಿಷ ಮಾತನಾಡಬೇಕೆಂದು ಕಾರ್ಯದರ್ಶಿಗಳು ಫೋನ್ ಮಾಡಿದಾಗ, "ಮಹಿಳೆಯ ಯಾವ ಆರೋಗ್ಯ?" ಎಂದು ಕೇಳಿದೆ. "ಒಟ್ಟಾರೆ ಆರೋಗ್ಯ ಮೇಡಂ" ಎಂದರು. ಒಟ್ಟಾರೆ ಆರೋಗ್ಯದ ಬಗ್ಗೆ ಇಪ್ಪತ್ತು ನಿಮಿಷದಲ್ಲಿ ಹೇಳಬಹುದಾದದ್ದು ಸೊಪ್ಪು ತಿನ್ನಿ, ದಿನಾ ನಡೆಯಿರಿ ಎನ್ನುವಷ್ಟೇ. ಅದನ್ನು ಹೇಳುವುದಕ್ಕೆ ನಾನು ಬೇಕಾಗಿಲ್ಲ. "ಮುಟ್ಟಿನ ಹೊಟ್ಟೆನೋವಿಗೆ ಯೂನಿವರ್ಸಿಟಿ ಹುಡುಗಿಯರು ತಾವೇ ನುಂಗುವ ಮಾತ್ರೆಗಳ ಬಗ್ಗೆ ಮಾತಾಡಲೇ?" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಆಗಲಿ ಮೇಡಂ, ಆದರೆ ಕಾರ್ಯಕ್ರಮ ಪಟ್ಟಿಯಲ್ಲಿ ಮಹಿಳೆ ಮತ್ತು ಆರೋಗ್ಯ ಅಂತಲೇ ಹಾಕಿರ್ತೀವಿ" ಎಂದರು. ಅಷ್ಟು ಧೈರ್ಯ ಮಾಡಿದ್ದಕ್ಕೆ ಅವರಿಗೆ ನನ್ನ ಕೃತಜ್ಞತೆಗಳು ಸಲ್ಲುತ್ತವೆ.

ಅವರದೇನೂ ತಪ್ಪಿಲ್ಲ. ಈ ವಿಷಯವನ್ನು ಹೆಸರು ಹಿಡಿದು ಕರೆಯದಿರಲು ನಮ್ಮ ಭಾಷೆಯಲ್ಲಿ ಎಷ್ಟೊಂದು ದಾರಿಗಳಿವೆ ನೋಡಿ. ನನ್ನ ಅಜ್ಜಿ 'ಹೊರಗಾಗಿದ್ದಾಳೆ' ಎನ್ನುತ್ತಿದ್ದರು. ಪಕ್ಕದ ಮನೆಯವರು 'ಕಾಗೆ ಮುಟ್ಟಿತು' ಎನ್ನುತ್ತಿದ್ದರು. ಅಮ್ಮನ ಕಾಲಕ್ಕೆ ಅದು 'ರಜೆ' ಆಯಿತು. ನಮ್ಮ ಹಾಸ್ಟೆಲಿನಲ್ಲಿ 'ಡೇಟ್' ಆಯಿತು. ಇಲ್ಲಿ ಬೆಳೆದ ಮಕ್ಕಳು ಸಲೀಸಾಗಿ 'ಪೀರಿಯಡ್ಸ್' ಎನ್ನುತ್ತಾರೆ. ಆದರೆ ಅಪ್ಪ ಕೋಣೆಯೊಳಗೆ ಬಂದರೆ ಅವರೂ 'ಹೊಟ್ಟೆನೋವು' ಎಂದೇ ಹೇಳುವುದು. ಹೆಸರು ಹೇಳಲಾಗದ ನೋವಿಗೆ ಔಷಧಿ ಕೇಳುವುದು ಕಷ್ಟ. ಕೇಳುವುದು ಕಷ್ಟವಾದಾಗ ಮನುಷ್ಯರು ಕೇಳದೆಯೇ ನುಂಗುತ್ತಾರೆ.

ನಾನು ವೃತ್ತಿಯಿಂದ ಫಾರ್ಮಸಿಸ್ಟು. ವೈದ್ಯೆಯಲ್ಲ; ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಊರಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತಿದ್ದೇನೆ. ಅದಕ್ಕೂ ಮೊದಲು, 1990ರ ದಶಕದಲ್ಲಿ, ಕರ್ನಾಟಕದ ಒಂದು ಲೇಡೀಸ್ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಓದಿದ್ದೇನೆ. ಔಷಧಶಾಸ್ತ್ರ ಓದುತ್ತಿದ್ದ ನಾವೇ ಏನು ಮಾಡುತ್ತಿದ್ದೆವು ಎಂಬುದನ್ನು ಕೇಳಿ. ನಮ್ಮ ಕಾರಿಡಾರಿನಲ್ಲಿ ಒಂದು ಬಿಸ್ಕತ್ತಿನ ಡಬ್ಬ ಇತ್ತು. ಅದರಲ್ಲಿ ಯಾರ್ಯಾರೋ ಊರಿಂದ ತಂದ ಮಾತ್ರೆಗಳು, ಜೊತೆಗೆ ಒಂದು ನೀಲಿ ಕ್ಯಾಪ್ಸೂಲು. ನೋವು ಬಂದವಳು ಡಬ್ಬದಲ್ಲಿ ಕೈಹಾಕಿ ಆ ನೀಲಿಯದನ್ನೇ ಹುಡುಕುತ್ತಿದ್ದಳು, ಏಕೆಂದರೆ ಅದು ನೋವಿನ ಜೊತೆಗೆ ಚಿಂತೆಯನ್ನೂ ಮರೆಸುತ್ತಿತ್ತು. ಹಾಗೇಕೆ ಮರೆಸುತ್ತಿತ್ತು? ಅದರಲ್ಲಿದ್ದದ್ದು ಡೆಕ್ಸ್‌ಟ್ರೋಪ್ರೊಪಾಕ್ಸಿಫೀನ್ ಎಂಬ ಅಫೀಮಿನ ದಾಯಾದಿ. ಹೃದಯದ ಬಡಿತವನ್ನೇ ತಪ್ಪಿಸಬಲ್ಲದ್ದೆಂದು 2010ರಲ್ಲಿ ಅಮೆರಿಕದಲ್ಲಿ ಅದನ್ನು ಹಿಂತೆಗೆದುಕೊಂಡರು. ಭಾರತದಲ್ಲಿ 2013ರಲ್ಲಿ ನಿಷೇಧಿಸಿದರು. ನಾವು ಅದನ್ನು ಪರೀಕ್ಷೆಯ ಹಿಂದಿನ ರಾತ್ರಿ ಬರಿಹೊಟ್ಟೆಯಲ್ಲಿ ನುಂಗಿ, ಬೆಳಿಗ್ಗೆ ಅದೇ ವರ್ಗದ ಔಷಧಿಗಳ ಅಡ್ಡಪರಿಣಾಮಗಳ ಬಗ್ಗೆ ಉತ್ತರ ಬರೆದು ಬರುತ್ತಿದ್ದೆವು!

ಇದು ಹಳೆಯ ಕಥೆ ಎಂದುಕೊಂಡಿದ್ದೆ. ಹಾಗಲ್ಲವೆಂದು ತಿಳಿದದ್ದು ನನ್ನ ಅಕ್ಕನ ಮಗಳು ಇಲ್ಲಿಗೆ ಓದಲು ಬಂದಾಗ. ಅವಳ ಅನುಮತಿ ಪಡೆದೇ ಈ ಮಾತು ಹೇಳುತ್ತಿದ್ದೇನೆ. "ಹೆಸರು ಮಾತ್ರ ಹೇಳಬೇಡಿ ಚಿಕ್ಕಮ್ಮ, ಉಳಿದದ್ದೆಲ್ಲ ಹೇಳಿ" ಎಂದಿದ್ದಾಳೆ.

2019ರ ಆಗಸ್ಟಿನಲ್ಲಿ ಅವಳು ಮೈಸೂರಿನಿಂದ ಬಂದಳು. ಸೂಟ್‌ಕೇಸು ಬಿಚ್ಚುವಾಗ ನಾನೂ ಜೊತೆಗಿದ್ದೆ. ಚಟ್ನಿಪುಡಿ, ಸಾರಿನಪುಡಿ, ಹುರಿಗಾಳು, ಕೋಡುಬಳೆ. ಅಕ್ಕ ಅಂಗಡಿಯನ್ನೇ ಕಳಿಸಿದ್ದಳು. ಬಟ್ಟೆಗಳ ಅಡಿಯಲ್ಲಿ, ಮೂಲೆಯಲ್ಲಿ, ಒಂದು ಪ್ಲಾಸ್ಟಿಕ್ ಚೀಲ; ಅದರೊಳಗೆ ಮೆಫ್ಟಾಲ್ ಸ್ಪಾಸ್ ಮಾತ್ರೆಯ ಸ್ಟ್ರಿಪ್ಪುಗಳು. ಹನ್ನೆರಡೋ ಹದಿಮೂರೋ ಇದ್ದವು. "ಇಷ್ಟು ಯಾಕೆ ಮಗು?" ಎಂದೆ. "ಎಲ್ಲರೂ ತರ್ತಾರೆ ಚಿಕ್ಕಮ್ಮ, ಇಲ್ಲಿ ಸುಲಭವಾಗಿ ಸಿಗಲ್ವಂತೆ" ಎಂದಳು. ನಾನು ಏನು ಮಾಡಿದೆ? ನಕ್ಕು, ಎತ್ತಿ ಬೀರುವಿನಲ್ಲಿಟ್ಟೆ. ದಿನಕ್ಕೆ ಹತ್ತು ಜನ ಅಪರಿಚಿತರಿಗೆ ಪ್ರಶ್ನೆ ಕೇಳುವವಳು ಮನೆಯ ಹುಡುಗಿಗೆ ಎರಡನೆಯ ಪ್ರಶ್ನೆ ಕೇಳಲಿಲ್ಲ. ಆ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಈ ನೋವು ಎಲ್ಲಿಂದ ಬರುತ್ತದೆಂದು ನೋಡೋಣ. ನಮ್ಮ ಹಿರಿಯರು 'ಉಷ್ಣ' ಎಂದರು, ಇಲ್ಲಿನ ಚೀನೀ ಅಜ್ಜಿಯರು 'ಶೀತ' ಎನ್ನುತ್ತಾರೆ. ನಾವು ಮಜ್ಜಿಗೆ ಕುಡಿಯಿರಿ ಎಂದರೆ ಅವರು ತಣ್ಣಗಿರುವುದೇನನ್ನೂ ಮುಟ್ಟಬೇಡಿ ಎನ್ನುತ್ತಾರೆ. ಆದರೆ ನಡೆಯುವುದೇನು? ಪ್ರತಿ ತಿಂಗಳೂ ಗರ್ಭಕೋಶದ ಒಳಪದರ ಕಳಚುವ ಹೊತ್ತಿಗೆ ಪ್ರಾಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ಅವು ಗರ್ಭಕೋಶದ ಸ್ನಾಯುವನ್ನು ಹಿಂಡುತ್ತವೆ. ಹಿಂಡುವಿಕೆ ಜೋರಾದರೆ ಆ ಸ್ನಾಯುವಿಗೇ ಹೋಗುವ ರಕ್ತನಾಳಗಳು ಅದುಮಿಹೋಗಿ, ಉಸಿರಿಗೆ ಸಿಕ್ಕದ ಸ್ನಾಯು ನೋವಿನಿಂದ ಕೂಗುತ್ತದೆ. ರಾತ್ರಿ ಮೀನಖಂಡ ಹಿಡಿದುಕೊಂಡವರಿಗೆ ಗೊತ್ತು ಅದು ಎಂಥ ನೋವೆಂದು. ಆ ಪ್ರಾಸ್ಟಗ್ಲಾಂಡಿನ್ನೇ ಒಂದಿಷ್ಟು ರಕ್ತಕ್ಕೆ ಸೇರಿ ವಾಂತಿ, ಭೇದಿ, ತಲೆನೋವು ತರುತ್ತದೆ. ಇದು ಹುಡುಗಿಯ ನಾಟಕವೂ ಅಲ್ಲ, ನಾಜೂಕೂ ಅಲ್ಲ.

ಇಲ್ಲೊಂದು ಸ್ವಾರಸ್ಯವಿದೆ. 1930ರ ದಶಕದಲ್ಲಿ ಸ್ವೀಡನ್ನಿನ ಫಾನ್ ಆಯ್ಲರ್ ಎಂಬ ವಿಜ್ಞಾನಿ ಈ ವಸ್ತುವಿಗೆ ಹೆಸರಿಟ್ಟಾಗ, ಅದು ಗಂಡಸರ ಪ್ರಾಸ್ಟೇಟ್ ಗ್ರಂಥಿಯಿಂದ ಬರುತ್ತದೆಂದು ನಂಬಿ ಆ ಗ್ರಂಥಿಯ ಹೆಸರನ್ನೇ ಕೊಟ್ಟ. ಹೆಂಗಸರ ಮುಟ್ಟಿನ ಸ್ರಾವದಲ್ಲಿ ಸ್ನಾಯುವನ್ನು ಹಿಂಡುವ ವಸ್ತುವೊಂದಿದೆ ಎಂದು ಇಂಗ್ಲೆಂಡಿನ ಪಿಕಲ್ಸ್ ಎಂಬಾತ ತೋರಿಸಿದ್ದು 1957ರಲ್ಲಿ. ಆಸ್ಪಿರಿನ್ನಿನ ಬಗೆಯ ಮಾತ್ರೆಗಳು ಈ ಪ್ರಾಸ್ಟಗ್ಲಾಂಡಿನ್ ತಯಾರಿಕೆಯನ್ನೇ ತಡೆಯುತ್ತವೆಂದು ಜಾನ್ ವೇನ್ ಕಂಡುಹಿಡಿದದ್ದು 1971ರಲ್ಲಿ. ಅದಕ್ಕಾಗಿ 1982ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಬಂತು. ಅಲ್ಲಿಯವರೆಗೆ ಎಷ್ಟೋ ವೈದ್ಯರೇ 'ಇದೆಲ್ಲ ಮನಸ್ಸಿನ ಬೇನೆ' ಎಂದು ಹೆಂಗಸರನ್ನು ಮನೆಗೆ ಕಳಿಸುತ್ತಿದ್ದರು. ನಮ್ಮಮ್ಮಂದಿರ ನೋವು ನಿಜವೆಂದು ವಿಜ್ಞಾನ ಒಪ್ಪಿ ಬಹಳ ಕಾಲವೇನೂ ಆಗಿಲ್ಲ.

ಇದೇನು ಬೆರಳೆಣಿಕೆಯವರ ಕಷ್ಟವೂ ಅಲ್ಲ. ಸಿಂಗಪುರದಲ್ಲಿ ಹದಿಹರೆಯದ ಸುಮಾರು 5,500 ಹುಡುಗಿಯರನ್ನು ವಿಚಾರಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ನೂರಕ್ಕೆ 83 ಮಂದಿ ಮುಟ್ಟಿನ ನೋವಿದೆ ಎಂದಿದ್ದರು. ಹೆಚ್ಚೂಕಡಿಮೆ ಕಾಲು ಭಾಗದವರು ಅದಕ್ಕಾಗಿ ಶಾಲೆ ತಪ್ಪಿಸಿಕೊಂಡಿದ್ದರು. ಇವೇ ಹುಡುಗಿಯರು ನಾಳೆ ಕೆಂಟ್ ರಿಡ್ಜಿನ ರಾಷ್ಟ್ರೀಯ ವಿಶ್ವವಿದ್ಯಾಲಯಕ್ಕೋ ಜುರಾಂಗ್ ಕಡೆಯ ನಾನ್ಯಾಂಗಿಗೋ ಹೋಗುತ್ತಾರೆ. ಅಲ್ಲಿ ಅಮ್ಮನಿಲ್ಲ, ಹಾಲಿನ ಕೋಣೆ, ಪರೀಕ್ಷೆ, ಪ್ರಾಜೆಕ್ಟು. ಪರೀಕ್ಷೆ ತಪ್ಪಿದರೆ ಎಂಸಿ ಬೇಕು. ಈ ಊರಿನಲ್ಲಿ ಎಂಸಿಯ ಮಹಿಮೆ ನಿಮಗೆ ಹೇಳಬೇಕಾಗಿಲ್ಲ. ಎಂಸಿಗೆಂದು ಕ್ಲಿನಿಕ್ಕಿನಲ್ಲಿ ಒಂದು ಗಂಟೆ ಕೂರಲಾರದೆ ಹುಡುಗಿ ಎರಡು ಮಾತ್ರೆ ನುಂಗಿ ಪರೀಕ್ಷೆಗೆ ನಡೆಯುತ್ತಾಳೆ. ನಾನಾದರೂ ಅದನ್ನೇ ಮಾಡಿದೆನಲ್ಲ.

ಈಗ ಮಾತ್ರೆಗಳ ವಿಷಯ. ತಾಯಂದಿರು ಗಾಬರಿಯಾಗಬೇಡಿ, ನೋವಿಗೆ ಮಾತ್ರೆ ತೆಗೆದುಕೊಳ್ಳಲೇಬಾರದೆಂದು ನಾನು ಹೇಳುತ್ತಿಲ್ಲ. 'ಈಗಲೇ ಮಾತ್ರೆ ನುಂಗಿದರೆ ಮುಂದೆ ಮಕ್ಕಳಾಗುವುದಿಲ್ಲ' ಎಂಬ ಮಾತು ನಮ್ಮಲ್ಲಿ ಬಹಳ ಇದೆ. ತಿಂಗಳಿಗೆ ಎರಡು ಮೂರು ದಿನ ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡ ನೋವಿನ ಮಾತ್ರೆಯಿಂದ ಬಂಜೆತನ ಬರುವುದಿಲ್ಲ. ಆ ಹೆದರಿಕೆಯಿಂದ ಸುಮ್ಮನೆ ನರಳುವುದೂ ತಪ್ಪೇ.

ಸಾಮಾನ್ಯವಾಗಿ ಹುಡುಗಿಯರು ನುಂಗುವುದು ಎರಡು ಜಾತಿಯ ಮಾತ್ರೆ. ಒಂದು ಪ್ಯಾರಸಿಟಮಾಲ್, ಇಲ್ಲಿ ಪನಡಾಲ್, ಊರಿನಲ್ಲಿ ಕ್ರೋಸಿನ್, ಡೋಲೋ. ಹೊಟ್ಟೆಗೆ ಸೌಮ್ಯ. ಆದರೆ ಗರ್ಭಕೋಶದ ಪ್ರಾಸ್ಟಗ್ಲಾಂಡಿನ್ ಮೇಲೆ ಅದರ ಹಿಡಿತ ಕಡಿಮೆಯಾದ್ದರಿಂದ ಜೋರು ನೋವಿಗೆ ಸಾಲದು. ಸಾಲದೆಂದು ಆರು, ಎಂಟು, ಹತ್ತು ಎಂದು ನುಂಗುತ್ತಾ ಹೋಗುತ್ತಾರೆ. ದೊಡ್ಡವರಿಗೆ 24 ಗಂಟೆಯಲ್ಲಿ 500 ಮಿಲಿಗ್ರಾಮಿನ ಎಂಟು ಮಾತ್ರೆ, ಅಂದರೆ 4 ಗ್ರಾಂ, ಅದೇ ಕೊನೆಯ ಗೆರೆ. ನೆಗಡಿಯ ಮಾತ್ರೆಗಳಲ್ಲೂ ಇದೇ ಪ್ಯಾರಸಿಟಮಾಲ್ ಅಡಗಿರುತ್ತದೆ. ಅದೂ ಲೆಕ್ಕಕ್ಕೆ ಸೇರಬೇಕು. ಗೆರೆ ದಾಟಿದರೆ ಯಕೃತ್ತಿಗೆ ಪೆಟ್ಟು. ಮೊದಲ ದಿನ ಏನೂ ತಿಳಿಯುವುದಿಲ್ಲ ಎನ್ನುವುದೇ ಅದರ ಅಪಾಯ.

ಇನ್ನೊಂದು ಜಾತಿ ಐಬುಪ್ರೊಫೆನ್, ನ್ಯಾಪ್ರಾಕ್ಸೆನ್, ಮೆಫೆನಾಮಿಕ್ ಆಮ್ಲ ಇತ್ಯಾದಿ. ಇವು ಪ್ರಾಸ್ಟಗ್ಲಾಂಡಿನ್ನಿನ ಕಾರ್ಖಾನೆಯನ್ನೇ ಮುಚ್ಚಿಸುವಂಥವು. ಮುಟ್ಟಿನ ನೋವಿಗೆ ಮೊದಲ ಆಯ್ಕೆ ಇವೇ. ಆದರೆ ಅದೇ ಪ್ರಾಸ್ಟಗ್ಲಾಂಡಿನ್ ಜಠರದ ಒಳಗೋಡೆಯನ್ನೂ ಕಾಯುತ್ತದೆ, ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆಯೂ ನೋಡಿಕೊಳ್ಳುತ್ತದೆ. ಕಾರ್ಖಾನೆ ಮುಚ್ಚಿದರೆ ಕಾವಲೂ ಹೋಯಿತು. ಆದ್ದರಿಂದ ಬರಿಹೊಟ್ಟೆಯಲ್ಲಿ ಬೇಡ, ಮೊಸರನ್ನವೋ ಎರಡು ಬ್ರೆಡ್ಡೋ ತಿಂದು ತೆಗೆದುಕೊಳ್ಳಿ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದವರು, ಆಸ್ಪಿರಿನ್ ನುಂಗಿದರೆ ಉಬ್ಬಸ ಬರುವವರು, ಮಾತ್ರೆ ತಗೊಂಡಾಗ ಕಣ್ಣುರೆಪ್ಪೆ ಊದಿಕೊಂಡವರು ಕೇಳದೆ ಮುಟ್ಟಬಾರದು.

ನಮ್ಮವರು ಊರಿಂದ ತರುವ ಮೆಫ್ಟಾಲ್ ಸ್ಪಾಸ್ ಎಂದರೆ ಮೆಫೆನಾಮಿಕ್ ಆಮ್ಲ 250 ಮಿಲಿಗ್ರಾಂ, ಜೊತೆಗೆ ಡೈಸೈಕ್ಲೋಮಿನ್ 10 ಮಿಲಿಗ್ರಾಂ. ಈ ಎರಡನೆಯದು ಮುಖ್ಯವಾಗಿ ಕರುಳಿನ ಹಿಡಿತ ಸಡಿಲಿಸುವ ಔಷಧಿ. ಅದರ ದೆಸೆಯಿಂದ ಬಾಯಿ ಒಣಗುವುದು, ಕಣ್ಣು ಮಂಜಾಗುವುದು, ತೂಕಡಿಕೆ. ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆಯ ಅಕ್ಷರ ಕುಣಿದರೆ ಪ್ರಶ್ನೆಪತ್ರಿಕೆಯದೇ ತಪ್ಪಿರಬೇಕೆಂದಿಲ್ಲ. ಇನ್ನು ಇಲ್ಲಿನ ಕ್ಲಿನಿಕ್ಕುಗಳಲ್ಲಿ ಪಾನ್‌ಸ್ಟಾನ್ ಎಂದು ಕೊಡುತ್ತಾರಲ್ಲ, ಅದೂ ಮೆಫೆನಾಮಿಕ್ ಆಮ್ಲವೇ. ಡಾಕ್ಟರು ಕೊಟ್ಟದ್ದನ್ನು ನುಂಗಿ, 'ಅದು ಹಿಡಿಯಲಿಲ್ಲ' ಎಂದು ಊರಿನದನ್ನೂ ನುಂಗಿದ ಹುಡುಗಿಯರನ್ನು ನಾನು ಎಣಿಸುವುದನ್ನೇ ಬಿಟ್ಟಿದ್ದೇನೆ. ಹೆಸರು ಎರಡು, ಔಷಧಿ ಒಂದು. ಐಬುಪ್ರೊಫೆನ್ ಜೊತೆ ಮೆಫೆನಾಮಿಕ್ ಸೇರಿಸಿದರೂ ಅಷ್ಟೆ, ಅಣ್ಣನ ಜೊತೆ ತಮ್ಮನನ್ನು ಕರೆದಂತೆ. ಉಪಕಾರ ಇಮ್ಮಡಿಯಾಗುವುದಿಲ್ಲ, ಉಪದ್ರವ ಆಗುತ್ತದೆ.

2023ರ ನವೆಂಬರಿನಲ್ಲಿ ಭಾರತದ ಔಷಧ ಸಂಹಿತೆ ಆಯೋಗ ಮೆಫೆನಾಮಿಕ್ ಆಮ್ಲದ ಬಗ್ಗೆ ಎಚ್ಚರಿಕೆ ಹೊರಡಿಸಿದಾಗ ನನ್ನ ಫೋನಿಗೆ ಒಂದೇ ವಾರದಲ್ಲಿ ಅದೇ ಸಂದೇಶ ಇಪ್ಪತ್ತು ಸಲ ಬಂತು, 'ಮೆಫ್ಟಾಲ್ ವಿಷ' ಎಂದು. ವಿಷವಲ್ಲ. ಬಲು ಅಪರೂಪಕ್ಕೆ ಕೆಲವರಲ್ಲಿ, ಔಷಧಿ ಶುರುಮಾಡಿದ ಎರಡರಿಂದ ಎಂಟು ವಾರದೊಳಗೆ, ಜ್ವರ, ಮೈಮೇಲೆ ಗಂದೆ, ಗಂಟುಗಳ ಊತ, ಒಳ ಅಂಗಗಳಿಗೂ ಪೆಟ್ಟು ಬೀಳುವ ತೀವ್ರ ಅಲರ್ಜಿ ಬರಬಹುದು, ಲಕ್ಷ್ಯವಿಡಿ ಎಂದು ಆಯೋಗ ಹೇಳಿದ್ದು. ಭಾರತದ ಕಾನೂನಿನ ಪ್ರಕಾರ ಆ ಮಾತ್ರೆಗೆ ವೈದ್ಯರ ಚೀಟಿ ಬೇಕು. ನಮ್ಮೂರಿನ ಮೆಡಿಕಲ್ ಶಾಪಿನಲ್ಲಿ ಚೀಟಿ ಕೇಳಿದವರನ್ನು ನೀವು ಕಂಡಿದ್ದರೆ ನನಗೂ ತೋರಿಸಿ, ಸನ್ಮಾನ ಮಾಡೋಣ.

ಇಲ್ಲಿನ ಪದ್ಧತಿ ಬೇರೆ. ಔಷಧಿಗಳಲ್ಲಿ ಮೂರು ಅಂತಸ್ತು: ಯಾವ ಅಂಗಡಿಯಲ್ಲೂ ಕೊಳ್ಳಬಹುದಾದವು, ಫಾರ್ಮಸಿಸ್ಟು ಮಾತ್ರ ವಿಚಾರಿಸಿ ಕೊಡುವಂಥವು, ವೈದ್ಯರ ಚೀಟಿಗೆ ಮಾತ್ರ ಸಿಗುವಂಥವು. ನಮ್ಮ ಹುಡುಗಿಯರಿಗೆ ಆ ನಡುವಿನ ಅಂತಸ್ತು ಕಂಡರೆ ಆಗುವುದಿಲ್ಲ, ಏಕೆಂದರೆ ಅಲ್ಲಿ ನನ್ನಂಥವಳು ನಿಂತು ಪ್ರಶ್ನೆ ಕೇಳುತ್ತಾಳೆ. ಊರಿಂದ ತರಿಸಿಕೊಂಡರೆ ಪ್ರಶ್ನೆಯಿಲ್ಲ. ಒಂದು ಮಾತು ನೆನಪಿಡಿ: ಸ್ವಂತ ಬಳಕೆಗೆಂದು ಮೂರು ತಿಂಗಳಿಗೆ ಸಾಕಾಗುವಷ್ಟು ಔಷಧಿಯನ್ನು ಮಾತ್ರ ಇಲ್ಲಿಗೆ ತರಬಹುದು. ಗೆಳತಿಯ ಮಗಳಿಗೆ, ಪಕ್ಕದ ಮನೆಯವರಿಗೆ ಎಂದು ತರುವುದು ಸ್ವಂತ ಬಳಕೆಯಲ್ಲ. ಕೋಡೀನ್, ಟ್ರಮಡಾಲ್ ಇರುವ ನೋವಿನ ಮಾತ್ರೆಗಳಿಗಂತೂ ಮೊದಲೇ ಆರೋಗ್ಯ ವಿಜ್ಞಾನ ಪ್ರಾಧಿಕಾರದ ಅನುಮತಿ ಬೇಕಾಗಬಹುದು. ಹಾಗೆಯೇ ನಿಮೆಸುಲೈಡ್, ಊರಿನಲ್ಲಿ ಮನೆಮನೆಯಲ್ಲೂ ಇದ್ದ ಆ ಮಾತ್ರೆಯ ಮಾರಾಟವನ್ನು ಯಕೃತ್ತಿಗೆ ಅಪಾಯವೆಂದು ಇಲ್ಲಿ 2007ರಲ್ಲೇ ನಿಲ್ಲಿಸಿದರು.

ಈ ದ್ವೀಪಕ್ಕೇ ವಿಶೇಷವಾಗಿ ಹೇಳಬೇಕಾದದ್ದು ಡೆಂಗಿ. 2020ರಲ್ಲಿ ಇಲ್ಲಿ 35 ಸಾವಿರಕ್ಕೂ ಹೆಚ್ಚು ಜನರಿಗೆ ಡೆಂಗಿ ಬಂತು, ಅಲ್ಲಿಯವರೆಗಿನ ದಾಖಲೆ ಅದು. ಆ ವರ್ಷ ಒಂದು ಸಂಜೆ ಹುಡುಗಿಯೊಬ್ಬಳು ಕೌಂಟರಿಗೆ ಬಂದು ಮುಟ್ಟಿನ ನೋವಿಗೆ ಸ್ಟ್ರಾಂಗ್ ಮಾತ್ರೆ ಕೊಡಿ ಎಂದಳು. ಕಣ್ಣು ಕೆಂಪಗಿತ್ತು. ಜ್ವರವಿದೆಯೇ ಎಂದರೆ, ಎರಡು ದಿನದಿಂದ, ಈ ಸಲ ರಕ್ತವೂ ಹೆಚ್ಚು ಹೋಗುತ್ತಿದೆ ಎಂದಳು. ಡೆಂಗಿಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳು ಇಳಿಯುತ್ತವೆ. ಐಬುಪ್ರೊಫೆನ್, ಮೆಫೆನಾಮಿಕ್, ಆಸ್ಪಿರಿನ್ ಯಾವುದೇ ಆದರೂ ರಕ್ತಸ್ರಾವವನ್ನು ಇನ್ನಷ್ಟು ಹೆಚ್ಚಿಸಬಹುದು. ಮಾತ್ರೆ ಕೊಡದೆ ರಕ್ತ ಪರೀಕ್ಷೆಗೆ ಕಳಿಸಿದೆ. ಅವಳಿಗೆ ನನ್ನ ಮೇಲೆ ಬಹಳ ಸಿಟ್ಟು ಬಂತು. ಮೂರು ವಾರದ ಮೇಲೆ ಅವಳ ತಾಯಿ ಕಿತ್ತಳೆ ಹಣ್ಣಿನ ಚೀಲ ಹಿಡಿದು ಬಂದರು. ಜ್ವರವಿದ್ದಾಗ ನೋವಿಗೆ ಪ್ಯಾರಸಿಟಮಾಲ್ ಮಾತ್ರ. ಇದನ್ನು ನಿಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಬರೆದಿಡಿ.

ಇಷ್ಟೆಲ್ಲ ಹೇಳಿ ಮನೆಮದ್ದನ್ನು ಬಿಟ್ಟರೆ ನೀವು ಸುಮ್ಮನಿರುವುದಿಲ್ಲ. ಬಿಸಿನೀರಿನ ಚೀಲಕ್ಕೆ ನನ್ನ ಪೂರ್ಣ ಮತ. ಕಿಬ್ಬೊಟ್ಟೆಗೆ ಹದವಾದ ಶಾಖ ಸತತವಾಗಿ ಕೊಟ್ಟರೆ ಐಬುಪ್ರೊಫೆನ್ ಮಾತ್ರೆಗೆ ಸಮನಾಗಿ ನೋವು ಇಳಿಯಿತೆಂದು 2001ರಲ್ಲೇ ಒಂದು ಪ್ರಯೋಗ ತೋರಿಸಿದೆ. ಅಜ್ಜಿಯ ಇಟ್ಟಿಗೆ ಕಾಸಿ ಬಟ್ಟೆ ಸುತ್ತಿ ಇಡುವ ವಿದ್ಯೆ ಸುಳ್ಳಾಗಲಿಲ್ಲ. ಶುಂಠಿ ಕಷಾಯವನ್ನೂ ತಳ್ಳಿಹಾಕಲಾರೆ. ಓಮದ ನೀರು, ಜೀರಿಗೆ, ಬೆಲ್ಲ ಕುಡಿದರೆ ಬಾಯಿಗಾದರೂ ಹಿತ. ಸೆರಂಗೂನ್ ರಸ್ತೆಯ ಅಂಗಡಿಗಳಲ್ಲಿ ಎಲ್ಲ ಸಿಗುತ್ತದೆ. ಆದರೆ ಗೆಳತಿ ಕೊಟ್ಟ ಚೀನೀ ಬೇರಿನ ಕಷಾಯ, ಡಾಂಗ್ ಗುಯಿ, ಅದೂ ಔಷಧಿಯೇ ಎಂಬುದು ನೆನಪಿರಲಿ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಆಗದು.

ಇನ್ನೊಂದು ಮಾತ್ರೆಯ ವಿಷಯ ಹೇಳದೆ ಮುಂದೆ ಹೋದರೆ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಅದು ನೋವಿನದಲ್ಲ, ಮುಂದೂಡುವುದು. ಗೃಹಪ್ರವೇಶ, ಸತ್ಯನಾರಾಯಣ ಪೂಜೆ, ತಿರುಪತಿ, ಅಣ್ಣನ ಮದುವೆ. 'ಒಂದು ನಾಲ್ಕು ದಿನ ತಳ್ಳಿಬಿಡು' ಎಂದು ತಾಯಂದಿರೇ ಮಕ್ಕಳ ಕೈಗೆ ನೊರೆಥಿಸ್ಟೆರಾನ್ ಮಾತ್ರೆ ಕೊಡುತ್ತಾರೆ. ಅದು ಹಾರ್ಮೋನು. ವೈದ್ಯರು ನೋಡಿ ಕೊಟ್ಟರೆ ತೊಂದರೆಯಿಲ್ಲ. ಕುಟುಂಬದಲ್ಲಿ ಕಾಲಿನ ರಕ್ತನಾಳದಲ್ಲಿ ಗರಣೆ ಕಟ್ಟಿದ ಚರಿತ್ರೆ ಇದ್ದವರಿಗೆ, ಅದರಲ್ಲೂ ದೂರದ ವಿಮಾನ ಪ್ರಯಾಣದ ಜೊತೆಗೆ, ಅದು ಆಟದ ಸಾಮಾನಲ್ಲ. ದೇವರ ಹೆಸರಿನಲ್ಲಿ ನಾವು ಮಾಡುವ ಔಷಧೋಪಚಾರವನ್ನು ದೇವರು ಕೇಳಿರಲಿಲ್ಲ ಎಂದಷ್ಟೇ ನನ್ನ ವಿನಂತಿ. ಹಿರಿಯರಿಗೆ ನೋವಾದರೆ ಕ್ಷಮಿಸಬೇಕು.

ಈಗ ನನ್ನ ಅಕ್ಕನ ಮಗಳ ಮಾತಿಗೆ ಬರುತ್ತೇನೆ. 2020ರ ಏಪ್ರಿಲಿನಲ್ಲಿ ಇಲ್ಲಿ ಸರ್ಕ್ಯೂಟ್ ಬ್ರೇಕರ್ ಬಂತಲ್ಲ, ಅವಳು ಹಾಲು ಬಿಟ್ಟು ನಮ್ಮ ಮನೆಗೆ ಬಂದಳು. ಊರಿನ ವಿಮಾನಗಳು ನಿಂತಿದ್ದವು, ಸ್ಟ್ರಿಪ್ಪು ತರುವವರಿಲ್ಲ. ಮೇ ತಿಂಗಳ ಒಂದು ರಾತ್ರಿ ಎರಡು ಗಂಟೆಗೆ ಬಚ್ಚಲುಮನೆಯ ನೆಲದ ಮೇಲೆ ಮುದುಡಿ ಮಲಗಿದ್ದಳು. ಹಲ್ಲು ಕಚ್ಚಿ ಬೆವರುತ್ತಿದ್ದಳು. ಬೀರು ತೆಗೆದು ನೋಡಿದೆ. ಹದಿಮೂರು ಸ್ಟ್ರಿಪ್ಪು, ಡಿಸೆಂಬರಿನಲ್ಲಿ ಊರಿಗೆ ಹೋದಾಗ ತಂದ ಇನ್ನೊಂದಿಷ್ಟು, ಒಂದೂ ಉಳಿದಿರಲಿಲ್ಲ. ಒಂಬತ್ತು ತಿಂಗಳಲ್ಲಿ ಇನ್ನೂರಕ್ಕೂ ಹೆಚ್ಚು ಮಾತ್ರೆ. ನಾನು ಫಾರ್ಮಸಿಸ್ಟು, ಲೆಕ್ಕ ಮಾಡಲು ನನಗೆ ಒಂದು ನಿಮಿಷ ಸಾಕಾಯಿತು. ತಿಂಗಳಿಗೆ ಮೂರು ದಿನದ ಲೆಕ್ಕ ಅದಲ್ಲ. ಮುಟ್ಟಿಗೆ ವಾರ ಮೊದಲೇ ನೋವು ಶುರುವಾಗುತ್ತಿತ್ತು, ನಿಂತ ಮೇಲೂ ಇರುತ್ತಿತ್ತು, ಮಲವಿಸರ್ಜನೆಯಲ್ಲೂ ನೋವು. ಹದಿನೈದನೆಯ ವಯಸ್ಸಿನಿಂದ ವರ್ಷವರ್ಷಕ್ಕೂ ಏರಿದೆ. "ಯಾಕೆ ಹೇಳಲಿಲ್ಲ?" ಎಂದೆ. "ಎಲ್ಲರಿಗೂ ಆಗುತ್ತೆ ಅಂತ ಅಮ್ಮ ಹೇಳಿದ್ದಳು. ನೀವೂ ನಕ್ಕಿರಿ ಚಿಕ್ಕಮ್ಮ" ಎಂದಳು.

ಅಲ್ಲಿಂದ ಕೆಕೆ ಆಸ್ಪತ್ರೆಗೆ ಹೋದೆವು. ಕಂಡಾಂಗ್ ಕೆರ್ಬಾವ್ ಎಂದರೆ ಮಲಯ ಭಾಷೆಯಲ್ಲಿ ಎಮ್ಮೆ ಕೊಟ್ಟಿಗೆ. 1966ರಲ್ಲಿ ಒಂದೇ ವರ್ಷದಲ್ಲಿ 39,835 ಮಕ್ಕಳು ಹುಟ್ಟಿ ಗಿನ್ನೆಸ್ ದಾಖಲೆ ಮಾಡಿದ ಆಸ್ಪತ್ರೆ ಅದು. ಕಾಯುವಾಗ ಅವಳನ್ನು ನಗಿಸಲೆಂದು ಇದನ್ನು ಹೇಳಿದೆ, ನಗಲಿಲ್ಲ. ಸ್ಕ್ಯಾನು, ಮುಂದೆ 2021ರಲ್ಲಿ ಲ್ಯಾಪರೊಸ್ಕೋಪಿ. ಎಂಡೊಮೆಟ್ರಿಯೋಸಿಸ್ ಎಂದರು. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಹತ್ತಿರ ಬೆಳೆದು ಉರಿಯೂತ ತರುವ ಕಾಯಿಲೆ. ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಪತ್ತೆಯಾಗಲು ಎಲ್ಲ ದೇಶಗಳಲ್ಲೂ ವರ್ಷಗಟ್ಟಲೆ ಹಿಡಿಯುತ್ತದೆ, ಏಕೆಂದರೆ ಎಲ್ಲ ದೇಶಗಳಲ್ಲೂ ಒಬ್ಬ ಅಮ್ಮ 'ಎಲ್ಲರಿಗೂ ಆಗುತ್ತೆ' ಎಂದಿರುತ್ತಾಳೆ, ಒಬ್ಬ ಚಿಕ್ಕಮ್ಮ ನಕ್ಕಿರುತ್ತಾಳೆ.

ತಾಯಂದಿರೇ, ಮೂರು ತಿಂಗಳು ಸರಿಯಾದ ಮಾತ್ರೆಯನ್ನು ಸರಿಯಾದ ಪ್ರಮಾಣದಲ್ಲಿ, ನೋವು ಮುಗಿಲಿಗೇರುವ ಮೊದಲೇ ಶುರುಮಾಡಿ, ಊಟದ ಜೊತೆ ತೆಗೆದುಕೊಂಡರೂ ಹುಡುಗಿ ತರಗತಿಗೆ ಹೋಗಲಾರದಿದ್ದರೆ, ನೋವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ, ಮುಟ್ಟಿಲ್ಲದ ದಿನಗಳಲ್ಲೂ ಬರುತ್ತಿದ್ದರೆ, ಗಂಟೆಗೊಂದು ಪ್ಯಾಡು ತೋಯ್ದುಹೋಗುತ್ತಿದ್ದರೆ, ಕೌಂಟರಿನವಳನ್ನು ಬಿಟ್ಟು ವೈದ್ಯರ ಹತ್ತಿರ ಹೋಗಿ. ತಾಯಿಗೋ ಅಕ್ಕತಂಗಿಗೋ ಈ ಕಾಯಿಲೆ ಇದ್ದರೆ ಹುಡುಗಿಗೆ ಬರುವ ಸಾಧ್ಯತೆ ಹೆಚ್ಚು. ಅದನ್ನೂ ಅಲ್ಲಿ ಹೇಳಿ.

ವೈದ್ಯರು ಅವಳಿಗೆ ಹಾರ್ಮೋನಿನ ಮಾತ್ರೆ ಬರೆದುಕೊಟ್ಟರು. ಮೈಸೂರಿನಿಂದ ಅಕ್ಕನ ಫೋನು: "ಮದುವೆಯಾಗದ ಹುಡುಗಿಗೆ ಆ ಮಾತ್ರೆಯೇ? ನಾಳೆ ಯಾರಿಗಾದರೂ ಗೊತ್ತಾದರೆ?" ಎರಡು ತಿಂಗಳು ನಮ್ಮಿಬ್ಬರ ನಡುವೆ ಮಾತೇ ಇರಲಿಲ್ಲ. ಸಂತಾನ ನಿಯಂತ್ರಣಕ್ಕೆಂದು ಪ್ರಸಿದ್ಧವಾದ ಈ ಬಗೆಯ ಮಾತ್ರೆಗಳು ಒಳಪದರ ದಪ್ಪವಾಗದಂತೆ ತಡೆದು ನೋವನ್ನೂ ತಡೆಯುತ್ತವೆ. ಅವು ಎಲ್ಲರಿಗೂ ಹೊಂದುವುದಿಲ್ಲ, ವೈದ್ಯರೇ ನೋಡಿ ಕೊಡಬೇಕು. ಇನ್ನೂರು ನೋವಿನ ಮಾತ್ರೆಗೆ ಬಾರದ ನಾಚಿಕೆ ದಿನಕ್ಕೊಂದು ಪುಟ್ಟ ಮಾತ್ರೆಗೆ ಬಂತು. ಇದಕ್ಕೆ ನಾನು ಅಕ್ಕನನ್ನು ದೂರುವುದಿಲ್ಲ.

ಗಂಡಸರಿಗೆ ಒಂದೇ ಮಾತು. 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಮಂತ್ರಿಮಂಡಲ ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ವಿಧಾನಸೌಧದಲ್ಲಿ ಆಡಬಹುದಾದ ಶಬ್ದವನ್ನು ನಿಮ್ಮ ಮನೆಯ ಊಟದ ಮೇಜಿನಲ್ಲೂ ಆಡಬಹುದು. ಮಗಳಿಗೆ ಬಿಸಿನೀರಿನ ಚೀಲ ತುಂಬಿಕೊಡಲು ಮಂತ್ರಿಮಂಡಲ ಸೇರಬೇಕಾಗಿಲ್ಲ.

ಹುಡುಗಿ ಈಗ ಓದು ಮುಗಿಸಿ ಇಲ್ಲೇ ಕೆಲಸದಲ್ಲಿದ್ದಾಳೆ. ನೋವು ಪೂರ್ತಿ ಹೋಗಿಲ್ಲ, ಅಂಕೆಯಲ್ಲಿದೆ. ಕಳೆದ ತಿಂಗಳು ಅಕ್ಕ ಬಂದಿದ್ದಳು. ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಸಾರಿನಪುಡಿ, ಕೋಡುಬಳೆ ಎಲ್ಲ ಇತ್ತು, ಮಾತ್ರೆ ಇರಲಿಲ್ಲ. ರಾತ್ರಿ ಅಡಿಗೆಮನೆಯಲ್ಲಿ ಪಾತ್ರೆ ಒರೆಸುತ್ತಾ, ನನ್ನ ಕಡೆ ನೋಡದೆ ಹೇಳಿದಳು: "ನಂಗೂ ಹಿಂಗೇ ಇತ್ತು ಕಣೇ. ನಲವತ್ತೆರಡಕ್ಕೆ ಗರ್ಭಕೋಶ ತೆಗೆಸಿದರಲ್ಲ, ಅಲ್ಲಿವರೆಗೂ ಇತ್ತು. ಅಮ್ಮನಿಗೆ ಹೇಳಿದ್ದೆ. ಎಲ್ಲರಿಗೂ ಆಗುತ್ತೆ ಅಂದಳು." ಒಂದೇ ಕೋಣೆಯಲ್ಲಿ ಹದಿನೈದು ವರ್ಷ ಅವಳ ಪಕ್ಕದಲ್ಲಿ ಮಲಗಿದವಳು ನಾನು. ನನಗೆ ಗೊತ್ತಿರಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಪ್ರಶ್ನೆಗಳಿದ್ದರೆ ಕೇಳಿ. ಎಲ್ಲರೆದುರು ಕೇಳಲು ಸಂಕೋಚವಾದರೆ ಊಟದ ಸಾಲಿನಲ್ಲಿ ನನ್ನ ಹಿಂದೆ ಬಂದು ನಿಂತುಕೊಳ್ಳಿ. ನಾನು ನಿಧಾನವಾಗಿಯೇ ಬಡಿಸಿಕೊಳ್ಳುತ್ತೇನೆ.